ಚಾರಿಟಿಗೆ ಹಣ ಸಂಗ್ರಹ: ಬಕೆಟ್ ಹಿಡಿಯುವ ಮೊದಲು ಲೆಕ್ಕದ ಪುಸ್ತಕ ಹಿಡಿಯಿರಿ

ಮಂಜೇಶ್ವರ, ಉಪ್ಪಳ, ಕುಂಬಳೆ ಭಾಗದ ಯಾವುದೇ ವಾಟ್ಸ್ಆ್ಯಪ್ ಗ್ರೂಪ್ ತೆರೆದು ನೋಡಿ. ವಾರಕ್ಕೊಂದಾದರೂ ಚಿಕಿತ್ಸಾ ನೆರವಿನ ಮನವಿ ಇದ್ದೇ ಇರುತ್ತದೆ. ಕಿಡ್ನಿ ಬದಲಾವಣೆ, ಕ್ಯಾನ್ಸರ್, ಅಪಘಾತ, ಅರ್ಧಕ್ಕೆ ನಿಂತ ಮನೆ. ನಮ್ಮವರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಆದರೆ "ಕಳೆದ ಸಲ ಕೊಟ್ಟದ್ದು ಏನಾಯ್ತು?" ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮುಂದಿನ ಸಲ ಕೈ ಹಿಂದೆ ಸರಿಯುತ್ತದೆ. ಅದರ ನಷ್ಟ ಮುಂದೆ ಬರುವ ಬಡ ರೋಗಿಗೆ. ಹಾಗಾಗಿ ಕ್ಲಬ್, ಜಮಾಅತ್ ಕಮಿಟಿ, ಅಂಗಡಿ, ಹೋಟೆಲ್, ಯಾರೇ ನಿಧಿ ಸಂಗ್ರಹಕ್ಕೆ ಇಳಿದರೂ ಮೊದಲ ರೂಪಾಯಿ ಬರುವ ಮೊದಲೇ ಕೆಲವು ವಿಷಯ ತೀರ್ಮಾನವಾಗಿರಬೇಕು.

ಗುರಿ ಎಷ್ಟು, ಮಿಕ್ಕಿದರೆ ಎಲ್ಲಿಗೆ?

"ಕೈಲಾದಷ್ಟು ಸಹಾಯ ಮಾಡಿ" ಎನ್ನುವುದು ಗುರಿಯಲ್ಲ. ಆಸ್ಪತ್ರೆಯಿಂದ ಲಿಖಿತ ಅಂದಾಜು ಪಟ್ಟಿ ತನ್ನಿ. ಔಷಧ, ಓಡಾಟ, ರೋಗಿಯ ಜೊತೆ ನಿಲ್ಲುವವರ ಖರ್ಚು ಸೇರಿಸಿ. ಕುಟುಂಬದ ಕೈಯಲ್ಲಿರುವುದನ್ನೂ ಸರ್ಕಾರಿ ಯೋಜನೆ ಅಥವಾ ವಿಮೆಯಿಂದ ಸಿಗುವುದನ್ನೂ ಕಳೆಯಿರಿ. ಉಳಿದದ್ದೇ ನಿಮ್ಮ ಗುರಿ.

2021ರಲ್ಲಿ ಕಣ್ಣೂರಿನ ಮಾಟ್ಟೂಲ್‌ನ ಮಗುವೊಂದಕ್ಕೆ ಅಪರೂಪದ ಎಸ್‌ಎಂಎ ಕಾಯಿಲೆಯ 18 ಕೋಟಿ ರೂ. ಬೆಲೆಯ ಔಷಧಕ್ಕಾಗಿ ಮನವಿ ಮಾಡಲಾಯಿತು. ಕೆಲವೇ ದಿನಗಳಲ್ಲಿ ಬಂದದ್ದು 46.78 ಕೋಟಿ. "ಇನ್ನು ಕಳುಹಿಸಬೇಡಿ" ಎಂದು ಹೇಳಬೇಕಾಯಿತು. ನಮ್ಮೂರಿನ ಮನವಿ 5 ಲಕ್ಷದ್ದೇ ಇರಲಿ, ಮಿಕ್ಕಿದ ಹಣ ಯಾರಿಗೆ ಎಂಬುದನ್ನು ಮೊದಲ ಪೋಸ್ಟರ್‌ನಲ್ಲೇ ಬರೆಯಿರಿ. ಗುರಿ ಮುಟ್ಟಿದ ದಿನವೇ ಸಂಗ್ರಹ ನಿಲ್ಲಿಸಿ.

ಖಾತೆ ಯಾರ ಹೆಸರಲ್ಲಿ?

ಕಮಿಟಿಯ ಒಬ್ಬರ ಗೂಗಲ್ ಪೇ ನಂಬರ್ ಹಾಕುವುದು ಸುಲಭ. ಆದರೆ ಆ ಹಣ ಅವರ ಸ್ವಂತ ಹಣದ ಜೊತೆ ಬೆರೆಯುತ್ತದೆ. ನಾಳೆ ಒಂದು ಮಾತು ಬಂದರೆ ಪ್ರಾಮಾಣಿಕರಿಗೂ ಉತ್ತರಿಸುವುದು ಕಷ್ಟ. ಈ ಉದ್ದೇಶಕ್ಕೆಂದೇ ಪ್ರತ್ಯೇಕ ಖಾತೆ ಇರಲಿ, ಹಣ ತೆಗೆಯಲು ಕನಿಷ್ಠ ಇಬ್ಬರ ಸಹಿ ಬೇಕಾಗಲಿ. ಆಸ್ಪತ್ರೆಯ ಬಿಲ್ಲನ್ನು ನೇರವಾಗಿ ಆಸ್ಪತ್ರೆಯ ಖಾತೆಗೇ ಕಟ್ಟಿ.

ಪೋಸ್ಟರ್‌ನ ಕ್ಯೂಆರ್ ಕೋಡ್ ಬದಲಿಸಿ ಹಂಚುವ ಕಳ್ಳರೂ ಇದ್ದಾರೆ. ಖಾತೆದಾರರ ಹೆಸರನ್ನು ದೊಡ್ಡದಾಗಿ ಬರೆದು, "ಹಣ ಕಳುಹಿಸುವಾಗ ಮೊಬೈಲ್‌ನಲ್ಲಿ ಇದೇ ಹೆಸರು ಬರುತ್ತದೆಯಾ ನೋಡಿ" ಎಂದು ಸೇರಿಸಿ. ರೋಗಿಯ ಫೋಟೊ ಹಾಕುವ ಮೊದಲು ಮನೆಯವರ ಒಪ್ಪಿಗೆ ಕೇಳಿ. ಬಡವರಿಗೂ ಮರ್ಯಾದೆ ಇದೆ.

ಬಿರಿಯಾನಿ ಚಾಲೆಂಜ್: ಉಳಿಯುವುದೆಷ್ಟು?

ಕೇರಳದಲ್ಲಿ ಬಿರಿಯಾನಿ ಚಾಲೆಂಜ್ ಈಗ ಮನೆಮಾತು. ಮುಂಗಡ ಆರ್ಡರ್ ಪಡೆದು, ಒಂದೇ ದಿನ ಅಡುಗೆ ಮಾಡಿ, ಮನೆ ಮನೆಗೆ ತಲುಪಿಸುವುದು. 2024ರ ವಯನಾಡ್ ಭೂಕುಸಿತದ ನಂತರವೂ ಹಲವು ಕಡೆ ಹೀಗೆ ಹಣ ಸಂಗ್ರಹಿಸಿದರು.

ಉದಾಹರಣೆಗೆ 1,500 ಪೊಟ್ಟಣ, ಒಂದಕ್ಕೆ 120 ರೂ. ಎಂದಿಟ್ಟುಕೊಳ್ಳಿ. ಬರುವುದು 1,80,000. ಒಂದಕ್ಕೆ 75 ರೂ. ಖರ್ಚಾದರೆ ಉಳಿಯುವುದು 67,500 ಮಾತ್ರ. ಅಕ್ಕಿ, ಕೋಳಿಯನ್ನು ವ್ಯಾಪಾರಿಗಳೇ ಕೊಟ್ಟು ಖರ್ಚು 25ಕ್ಕೆ ಇಳಿದರೆ ಉಳಿಯುವುದು 1,42,500. ಅಡುಗೆ ಅದೇ, ಓಡಾಟವೂ ಅಷ್ಟೇ, ಆದರೆ ಉಳಿತಾಯ ಎರಡು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಕೂಪನ್ ಮಾರುವ ಮೊದಲು ಸಾಮಾನು ಕೊಡುವವರನ್ನು ಹುಡುಕಿ. ಮುಂಗಡ ಬಂದಷ್ಟಕ್ಕೇ ಅಡುಗೆ ಮಾಡಿ. ಕೂಪನ್‌ಗೆ ಕ್ರಮಸಂಖ್ಯೆ ಇರಲಿ, ಯಾರಿಗೆ ಎಷ್ಟು ಕೊಟ್ಟಿದ್ದೀರಿ ಎಂದು ಬರೆದಿಡಿ.

ಅಂಗಡಿ, ಹೋಟೆಲಿನವರು "ಈ ದಿನದ ಲಾಭ ಚಾರಿಟಿಗೆ" ಎಂದು ಬೋರ್ಡ್ ಹಾಕುವುದಾದರೆ ಪೂರ್ತಿ ವ್ಯಾಪಾರವೋ, ಲಾಭ ಮಾತ್ರವೋ, ಸ್ಪಷ್ಟವಾಗಿ ಬರೆಯಿರಿ. "ಒಂದು ಊಟಕ್ಕೆ 10 ರೂ." ಎಂದರೆ ಗಿರಾಕಿಗೂ ತಿಳಿಯುತ್ತದೆ, ನಿಮಗೂ ಲೆಕ್ಕ ಸುಲಭ.

ಗಲ್ಫ್‌ನವರು ಗಮನಿಸಿ

ನಮ್ಮ ನಿಧಿಗಳಿಗೆ ದೊಡ್ಡ ಬಲ ಗಲ್ಫ್‌ನಲ್ಲಿರುವ ಸಹೋದರರು. ಆದರೆ ಯುಎಇಯ 2021ರ ದೇಣಿಗೆ ಕಾನೂನಿನ ಪ್ರಕಾರ ಅನುಮತಿ ಪಡೆದ ಸಂಸ್ಥೆಗಳಷ್ಟೇ ಹಣ ಸಂಗ್ರಹಿಸಬಹುದು. ವಾಟ್ಸ್ಆ್ಯಪ್, ಫೇಸ್‌ಬುಕ್‌ನಲ್ಲಿ ಮನವಿ ಹಂಚಿದರೂ ದೊಡ್ಡ ದಂಡ ಬೀಳಬಹುದು. ಪಾಪ, ಉಪಕಾರ ಮಾಡಲು ಹೋದವರು ಕೇಸಿಗೆ ಸಿಕ್ಕಿಕೊಳ್ಳಬಾರದು. ಅಲ್ಲಿ ರೂಮ್ ರೂಮ್ ತಿರುಗಿ ಸಂಗ್ರಹಿಸಿ ಎಂದು ಯಾರಿಗೂ ಹೇಳಬೇಡಿ.

ಇಲ್ಲಿಯೂ ನಿಯಮವಿದೆ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ವಿದೇಶಿ ಪೌರತ್ವ ಪಡೆದವರಿಂದ ಅಥವಾ ವಿದೇಶಿ ಕಂಪೆನಿಯಿಂದ ಸಂಸ್ಥೆಗೆ ಹಣ ಪಡೆಯಲು ಎಫ್‌ಸಿಆರ್‌ಎ ನೋಂದಣಿ ಅಥವಾ ಅನುಮತಿ ಬೇಕು. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ದೇಣಿಗೆಯ ತೆರಿಗೆ ರಿಯಾಯಿತಿ ನೋಂದಾಯಿತ ಸಂಸ್ಥೆಗೆ ಕೊಟ್ಟರಷ್ಟೇ ಸಿಗುತ್ತದೆ. ಅದರಲ್ಲೂ 2,000 ರೂ. ಮೀರಿದ ನಗದಿಗೆ ಇಲ್ಲ. ರಶೀದಿಯಲ್ಲಿ ಸುಳ್ಳು ಭರವಸೆ ಕೊಡಬೇಡಿ.

ಝಕಾತ್ ಬೇರೆ, ಸದಕ ಬೇರೆ

ಝಕಾತ್‌ಗೆ ಹಕ್ಕುದಾರರು ನಿಗದಿಯಾಗಿದ್ದಾರೆ. ಅದನ್ನು ಸಭಾಂಗಣದ ಬಾಡಿಗೆಗೋ ಪೋಸ್ಟರ್ ಖರ್ಚಿಗೋ ಹಾಕುವಂತಿಲ್ಲ. ರಶೀದಿಯಲ್ಲೇ ಎರಡು ಕಾಲಂ ಮಾಡಿ, ಕೊಡುವವರನ್ನು ಕೇಳಿ ಬರೆಯಿರಿ. ಸಂಶಯವಿದ್ದರೆ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ.

ಕೊನೆಯ ಲೆಕ್ಕ

2024ರ ಏಪ್ರಿಲ್‌ನಲ್ಲಿ ಸೌದಿ ಜೈಲಿನಲ್ಲಿದ್ದ ಕೋಝಿಕ್ಕೋಡ್‌ನ ವ್ಯಕ್ತಿಯೊಬ್ಬರ ಬಿಡುಗಡೆಗಾಗಿ 34 ಕೋಟಿ ರೂ. ಗಡುವಿಗೆ ಮೊದಲೇ ಸಂಗ್ರಹವಾಯಿತು. ಬಂದ ಹಣ ಎಷ್ಟೆಂದು ಆ್ಯಪ್‌ನಲ್ಲಿ ಜನರೇ ನೋಡಬಹುದಿತ್ತು. ನಮಗೆ ಆ್ಯಪ್ ಬೇಕಿಲ್ಲ. ದಿನಾ ರಾತ್ರಿ ಇಂದು ಬಂದದ್ದು, ಒಟ್ಟು, ಬಾಕಿ ಎಂದು ಮೂರು ಸಾಲು ಗ್ರೂಪಿಗೆ ಹಾಕಿದರೆ ಸಾಕು.

ಮುಗಿದ ಮೇಲೆ ಒಂದು ತಿಂಗಳೊಳಗೆ ಆದಾಯ, ಖರ್ಚು, ಕೊಟ್ಟ ಮೊತ್ತ, ಬಿಲ್ಲಿನ ಪ್ರತಿ ಎಲ್ಲವನ್ನೂ ಕಮಿಟಿಯಲ್ಲಿ ಇಲ್ಲದ ಇಬ್ಬರಿಗೆ ತೋರಿಸಿ ಸಹಿ ಹಾಕಿಸಿ, ಗ್ರೂಪಿನಲ್ಲೂ ಜಮಾಅತ್ ನೋಟಿಸ್ ಬೋರ್ಡಿನಲ್ಲೂ ಹಾಕಿ. 10 ರೂ. ಕೊಟ್ಟ ಮದ್ರಸ ವಿದ್ಯಾರ್ಥಿಗೂ 10 ಸಾವಿರ ಕೊಟ್ಟ ವ್ಯಾಪಾರಿಗೂ ಆ ಲೆಕ್ಕ ನೋಡುವ ಹಕ್ಕು ಒಂದೇ.