ಅತಿಥಿಗಣಕದಲ್ಲಿ ದೋಷಶೋಧನ

ಕುರುಗೋಡು, ಸಿರುಗುಪ್ಪ ಸೀಮೆಗಳ ಶಾಸನಪಾಠಗಳನ್ನು ಯೂನಿಕೋಡಿಗೆ ಹಿಂದಿನ ಅಕ್ಷರಸಂಕೇತದಲ್ಲಿ ಬೆರಳಚ್ಚು ಮಾಡಿದ ಪ್ರತಿಗಳು ನನ್ನಲ್ಲಿದ್ದವು. ಅವನ್ನು ಮಾರ್ಪಡಿಸುವ ಹಳೆಯ ತಂತ್ರಾಂಶವು “ಧರ್ಮ” ಎಂಬುದನ್ನು “ಧಮ್ರ” ಎಂದು ಮಾಡುತ್ತಿದ್ದಿತು. ಇಂತಹ ಪಾಠವು ಅಚ್ಚಾದರೆ ಓದುವವರು ಶಾಸನವನ್ನು ಕಂಡರಿಸಿದವನನ್ನೇ ದೂರುವರು.

ಆ ತಂತ್ರಾಂಶವು ಈಗಿನ ಗಣಕದಲ್ಲಿ ನಡೆಯದುದರಿಂದ, ಬಳ್ಳಾರಿಯ ನನ್ನ ಗಣಕದೊಳಗೆ ಕಲ್ಪಿತ ಗಣಕವೊಂದನ್ನು ಏರ್ಪಡಿಸಿದ್ದೆನು. ಹೊರಗಿನ ಕಾರ್ಯವ್ಯವಸ್ಥೆಯು ಆತಿಥೇಯ, ಒಳಗಿನದು ಅತಿಥಿ. ದೋಷದ ಎಡೆಯನ್ನು ಹುಡುಕಲು ಡಿಬಗ್ಗರನ್ನು ಹೂಡಿದೊಡನೆ ಅತಿಥಿಯೇ ಕುಸಿಯಿತು. ದಾಸವಾಳದ ಬಳಿಯ ಸ್ಫಟಿಕವು ಕೆಂಪಾಗಿ ತೋರುವಂತೆ, ಉಪಾಧಿಯ ದೋಷವು ವಸ್ತುವಿನಲ್ಲಿ ತೋರುವುದುಂಟು. ಆದುದರಿಂದ ಅನ್ವಯವ್ಯತಿರೇಕಗಳಿಂದಲೇ ಇದನ್ನು ನಿರ್ಣಯಿಸತಕ್ಕದ್ದು.

ಅತಿಥಿಯ ಸ್ಥಿತಿಯನ್ನು ಸ್ನ್ಯಾಪ್‌ಷಾಟ್ ಆಗಿ ಕಾದಿರಿಸಿ, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತ ಬಂದೆನು. ಡಿಬಗ್ಗರಿದ್ದರೂ ಬ್ರೇಕ್‌ಪಾಯಿಂಟ್ ಎಂಬ ತಡೆಗುರುತಿಲ್ಲದಾಗ ಕುಸಿತವಿಲ್ಲ. ಯಂತ್ರಾಂಶದ ತಡೆಗುರುತಿಟ್ಟಾಗ ಮಾತ್ರ ಕುಸಿತ. ೧೯೮೫ರ ಇಂಟೆಲ್ ೮೦೩೮೬ ಮೊದಲ್ಗೊಂಡು ಆ ವಂಶದ ಪ್ರೊಸೆಸರುಗಳಲ್ಲಿ ತಡೆಯಬೇಕಾದ ವಿಳಾಸಗಳಿಗಾಗಿ ೪ ರಿಜಿಸ್ಟರುಗಳುಂಟು. ಆತಿಥೇಯಕ್ಕೂ ಅತಿಥಿಗೂ ಇವೇ ಆಧಾರವಾದುದರಿಂದ, ಸರದಿ ಬದಲಾದಾಗ ಹೈಪರ್‌ವೈಸರು ಇವುಗಳ ಬೆಲೆಗಳನ್ನು ತೆಗೆದಿಟ್ಟು ಮರಳಿ ತುಂಬಬೇಕು. ಇದರಲ್ಲಿ ತಪ್ಪಿದರೆ ಅತಿಥಿಗೆ ಕೇಡು.

ತಂತ್ರಾಂಶದ ತಡೆಗುರುತಿಗೆ ಈ ರಿಜಿಸ್ಟರುಗಳು ಬೇಡ. ಆದೇಶದ ಮೊದಲ ಬೈಟಿನೆಡೆಯಲ್ಲಿ ಒಂದು ಬೈಟಿನ ಬೇರೆ ಆದೇಶವು ನಿಲ್ಲುತ್ತದೆ. ಅದನ್ನಿಟ್ಟ ಮೇಲೆ ಅತಿಥಿಯು ಕುಸಿಯಲಿಲ್ಲ. ಮೂಲದೋಷವೂ ದೊರೆಯಿತು: ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರವಾದ ಮೇಲೆ ಬರುವುದು, ಯೂನಿಕೋಡಿನಲ್ಲಿ ರೇಫವು ಅಕ್ಷರಕ್ಕೆ ಮೊದಲು. ತಂತ್ರಾಂಶವು ಸ್ಥಾನವನ್ನು ಬದಲಿಸದೆ ಅದನ್ನು ಒತ್ತಾಗಿ ಬರೆಯುತ್ತಿದ್ದಿತು. ಶಾಸನವನ್ನು ಕಂಡರಿಸಿದವನು ನಿರ್ದೋಷಿ.