ಮಾಗಿಯ ಚಳಿಗೆ ಬೆರಳು ಬಿಟ್ಟ ಕೈಗವಸು

ಮಾಗಿ ಕಾಲದ ನಸುಕಿನಲ್ಲಿ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವವರ ಕೈಗಳು ಮರಗಟ್ಟಿರುತ್ತವೆ. ಆ ತಣ್ಣನೆಯ ಕೈ ಕೆಚ್ಚಲಿಗೆ ತಾಗಿದೊಡನೆ ಹಸು ಬೆಚ್ಚಿ ಕಾಲು ಝಾಡಿಸುತ್ತದೆ. ಬೆದರಿದ ಹಸುವಿನ ಮೈಯಲ್ಲಿ ಅಡ್ರಿನಲಿನ್ ಎಂಬ ರಸ ಉತ್ಪತ್ತಿಯಾಗುವುದರಿಂದ ಅದು ಹಾಲು ಇಳಿಬಿಡುವುದು ತಡವಾಗುತ್ತದೆ. ಕರೆಯುವವರ ಬೆರಳುಗಳಿಗೂ ಹಿಡಿತ ಸಿಗುವುದಿಲ್ಲ. ಅವರೆಕಾಯಿ ಬಿಡಿಸುವವರು, ಸೇವಂತಿಗೆ ಹೂ ಕೀಳುವವರು, ಹುಳು ಮನೆಗೆ ಹಿಪ್ಪುನೇರಳೆ ಸೊಪ್ಪು ತರುವವರು, ಮಲೆನಾಡಿನಲ್ಲಿ ಕಾಫಿ ಹಣ್ಣು ಬಿಡಿಸುವವರು, ಇವರೆಲ್ಲರ ಕಷ್ಟವೂ ಇದೇ. ಬಿಸಿಲೇರುವವರೆಗೆ ಕಾಯೋಣವೆಂದರೆ ಕೆಲಸ ಕಾಯುವುದಿಲ್ಲ. ಬೀದರ್ ಮತ್ತು ವಿಜಯಪುರದ ಕಡೆ ಡಿಸೆಂಬರ್, ಜನವರಿ ತಿಂಗಳುಗಳ ಕೆಲವು ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು.

ಚಳಿಗೆ ಮೈಗೆ ಕಂಬಳಿ ಹೊದೆಯುತ್ತಾರೆ, ತಲೆಗೆ ಟವೆಲು ಸುತ್ತುತ್ತಾರೆ. ಕೈಗೆ ಮಾತ್ರ ಏನೂ ಇರುವುದಿಲ್ಲ. ಅಂಗಡಿಯ ಪೂರ್ತಿ ಕೈಗವಸು ತೊಟ್ಟರೆ ಬೆರಳ ತುದಿಗೆ ಸ್ಪರ್ಶ ತಿಳಿಯದು, ಗಂಟು ಬಿಚ್ಚಲಾಗದು, ಎಲೆ ಯಾವುದು ಮೊಗ್ಗು ಯಾವುದು ಗೊತ್ತಾಗದು. ಆದ್ದರಿಂದ ಅದು ಎರಡು ದಿನದಲ್ಲಿ ಮೂಲೆ ಸೇರುತ್ತದೆ. ಬೆರಳುಗಳನ್ನು ಬಿಟ್ಟು, ಮೊಣಕೈಯ ಕೆಳಗಿನಿಂದ ಬೆರಳಿನ ಬುಡದವರೆಗೆ ಮುಚ್ಚುವ ಹೆಣೆದ ಗವಸು ಈ ತೊಂದರೆಗೆ ತಕ್ಕ ಪರಿಹಾರ. ಎರಡು ಕಡ್ಡಿ ಮತ್ತು ಒಂದಿಷ್ಟು ಉಣ್ಣೆ ದಾರವಿದ್ದರೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಬೆರಳು ತೆರೆದಿದ್ದರೂ ಬೆಚ್ಚಗಿರುವುದು ಹೇಗೆ?

ಬೆರಳನ್ನೇ ಮುಚ್ಚದ ಗವಸಿನಿಂದ ಏನು ಪ್ರಯೋಜನ ಎಂಬ ಸಂಶಯ ಬರುವುದು ಸಹಜ. ಬೆರಳುಗಳನ್ನು ಮಡಿಸುವ ಮತ್ತು ಬಿಡಿಸುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂತಹ ಸ್ನಾಯುರಜ್ಜುಗಳು ಮಣಿಕಟ್ಟಿನ ಮೂಲಕ ಹಾದು ಬೆರಳುಗಳನ್ನು ಎಳೆಯುತ್ತವೆ. ಒಂದು ಕೈಯಿಂದ ಇನ್ನೊಂದು ಮುಂಗೈಯನ್ನು ಹಿಡಿದು ಬೆರಳಾಡಿಸಿ ನೋಡಿದರೆ ಇದು ತಿಳಿಯುತ್ತದೆ. ಮುಂಗೈ ತಣ್ಣಗಾದರೆ ಈ ಸ್ನಾಯುಗಳು ಬಿಗಿದು ಹಿಡಿತ ಸಡಿಲವಾಗುತ್ತದೆ. ಕುಡುಗೋಲು ಜಾರಿ ಬೆರಳು ಕೊಯ್ದುಕೊಳ್ಳುವ ಅಪಾಯ ಹೆಚ್ಚುವುದು ಇಂಥ ವೇಳೆಯಲ್ಲಿಯೇ.

ಎರಡನೆಯ ಕಾರಣ ರಕ್ತದ ಹರಿವು. ಚಳಿ ತಗಲಿದಾಗ ದೇಹವು ಎದೆ, ಹೊಟ್ಟೆಗಳ ಶಾಖವನ್ನು ಕಾಪಾಡಿಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮಣಿಕಟ್ಟಿನಲ್ಲಿ ನಾಡಿ ನೋಡುವ ಜಾಗದಲ್ಲಿ ರಕ್ತನಾಳ ಚರ್ಮಕ್ಕೆ ತೀರ ಹತ್ತಿರದಲ್ಲಿದೆ. ಆ ಭಾಗ ತೆರೆದಿದ್ದರೆ ಬೆರಳಿಗೆ ಹೋಗುವ ರಕ್ತ ದಾರಿಯಲ್ಲಿಯೇ ತಣ್ಣಗಾಗುತ್ತದೆ. ಮಣಿಕಟ್ಟು ಮತ್ತು ಮುಂಗೈ ಮುಚ್ಚಿದ್ದರೆ ಬೆರಳುಗಳಿಗೆ ಬೆಚ್ಚನೆಯ ರಕ್ತ ತಲುಪುತ್ತದೆ.

ದಾರದ ಆಯ್ಕೆ

ಕುರಿ ಸಾಕುವ ನಾಡಿನಲ್ಲಿ ಉಣ್ಣೆ ದಾರವನ್ನು ಕೊಂಡು ತರಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ದಖ್ಖನಿ ಮತ್ತು ಬಳ್ಳಾರಿ ತಳಿಯ ಕುರಿಗಳ ಉಣ್ಣೆ ಒರಟು, ಅದರಲ್ಲಿ ಕೂದಲಿನ ಅಂಶ ಹೆಚ್ಚು. ಸುಮಾರು 30 ಮೈಕ್ರಾನ್‌ಗಿಂತ ದಪ್ಪನೆಯ ಎಳೆಗಳು ಬಾಗದೆ ಚರ್ಮಕ್ಕೆ ಚುಚ್ಚುತ್ತವೆ. ಹುಣಸೆ ಬೀಜದ ಗಂಜಿ ಕುಡಿಸಿ ನೇಯ್ದ ಕಂಬಳಿಗೆ ಈ ಒರಟುತನವೇ ಬಲ. ಮಳೆಗೂ ಗಾಳಿಗೂ ಅದು ತಡೆಯುತ್ತದೆ. ಮಣಿಕಟ್ಟಿನ ಎಳೆಯ ಚರ್ಮಕ್ಕೆ ಮಾತ್ರ ಅದು ಒಗ್ಗದು. ದಕ್ಷಿಣದಲ್ಲಿ ನಯವಾದ ಉಣ್ಣೆಯ ಕುರಿಯೇ ಇಲ್ಲವೆಂದಲ್ಲ. ನೀಲಗಿರಿ ತಳಿ ಇದೆ. ರಾಜಸ್ತಾನದ ಅವಿಕಾನಗರದಲ್ಲಿ 1962ರಲ್ಲಿ ಸ್ಥಾಪನೆಯಾದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರವು ಕೊಡೈಕಾನಲ್ ಬೆಟ್ಟದ ಮನ್ನವನೂರಿನಲ್ಲಿ ಭಾರತ ಮೆರಿನೊ ಕುರಿಗಳನ್ನು ಸಾಕಿದೆ. ಆದರೆ ಅವು ತಂಪು ಬೆಟ್ಟಗಳ ಕುರಿಗಳು. ಬಯಲು ಸೀಮೆಯ ಬಿಸಿಲಿಗೆ ಹೇಳಿದವಲ್ಲ.

ಪೇಟೆಯಲ್ಲಿ 'ಉಲ್ಲನ್' ಎಂದು ಮಾರುವ ದಾರದಲ್ಲಿ ಬಹುಪಾಲು ಅಕ್ರಿಲಿಕ್ ಇರುತ್ತದೆ. ಅದು ಅಗ್ಗ, ಒಗೆಯಲು ಸುಲಭ, ನುಸಿ ಹಿಡಿಯುವುದಿಲ್ಲ. ಆದರೆ ಬೆಂಕಿ ತಗಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನಿಜವಾದ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳದು, ಬೆಂಕಿಯಿಂದ ತೆಗೆದರೆ ತಾನಾಗಿ ಆರುತ್ತದೆ. ಒಲೆಯ ಮುಂದೆ ಕೆಲಸವಿರುವವರೂ ಬೆಳಗ್ಗೆ ಬೆಂಕಿ ಕಾಯಿಸುವ ರೂಢಿಯವರೂ ಹೆಚ್ಚು ಬೆಲೆ ಕೊಟ್ಟಾದರೂ ಉಣ್ಣೆಯನ್ನೇ ಕೊಳ್ಳುವುದು ಒಳ್ಳೆಯದು. ಪರೀಕ್ಷೆ ಸುಲಭ. ಗೇಣುದ್ದದ ದಾರವನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ಸುಡಬೇಕು. ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಿನಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿಯಾದ ಕಪ್ಪು ಮಣಿಯಾದರೆ ಅದು ಅಕ್ರಿಲಿಕ್. ಎರಡೂ ಬೆರೆತ ದಾರವೂ ಉಂಟು.

ಉಣ್ಣೆಗೆ ಇನ್ನೊಂದು ಗುಣವಿದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಅದು ಮೈಗೆ ಒದ್ದೆ ಎನಿಸುವುದಿಲ್ಲ. ಇಬ್ಬನಿಯಲ್ಲಿ ಕೆಲಸ ಮಾಡುವವರಿಗೆ ಇದು ಅನುಕೂಲ. ಹತ್ತಿಯ ದಾರ ಇದಕ್ಕೆ ತಕ್ಕುದಲ್ಲ. ಒದ್ದೆಯಾದ ಹತ್ತಿ ಕೈಯನ್ನು ಮತ್ತಷ್ಟು ತಣ್ಣಗೆ ಮಾಡುತ್ತದೆ.

ಹೆಣೆಯುವ ಕ್ರಮ

ಸಾಧಾರಣ ಸ್ವೆಟರಿಗೆ ಬಳಸುವ, ತೀರ ಸಣ್ಣವೂ ತೀರ ದಪ್ಪವೂ ಅಲ್ಲದ ದಾರ ಒಂದು ಜೊತೆಗೆ 75ರಿಂದ 100 ಗ್ರಾಂ ಸಾಕು. 8ನೇ ನಂಬರಿನ (4 ಮಿ.ಮೀ.) ಒಂದು ಜೊತೆ ಮತ್ತು 10ನೇ ನಂಬರಿನ (3.25 ಮಿ.ಮೀ.) ಒಂದು ಜೊತೆ ಕಡ್ಡಿಗಳು ಬೇಕು. ನಂಬರು ಹೆಚ್ಚಾದಂತೆ ಕಡ್ಡಿ ಸಣ್ಣದಾಗುತ್ತದೆ ಎಂಬುದನ್ನು ಕೊಳ್ಳುವಾಗ ನೆನಪಿಡಬೇಕು. ದಾರ ಸರಿಯಾಗಿದೆಯೇ ಎಂದು ನೋಡಲು 8ನೇ ನಂಬರಿನ ಕಡ್ಡಿಯಲ್ಲಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದು ಅಂಗೈಯಗಲದ ಮಾದರಿ ತುಂಡು ಮಾಡಬೇಕು. ಅದರಲ್ಲಿ 10 ಸೆಂ.ಮೀ. ಅಗಲಕ್ಕೆ ಸುಮಾರು 22 ಕುಣಿಕೆ ಬಂದರೆ ಸರಿ.

ಈ ಗವಸು ಬರಿಯ ಒಂದು ಆಯತಾಕಾರದ ತುಂಡು. ಅದನ್ನು ಮಡಿಸಿ ಅಂಚು ಹೊಲಿದರೆ ಕೊಳವೆಯಾಗುತ್ತದೆ. ಹೊಲಿಗೆಯಲ್ಲಿ ಹೆಬ್ಬೆರಳಿಗೆ ಸಂದು ಬಿಟ್ಟರೆ ಗವಸು ಸಿದ್ಧ. ಎಡ, ಬಲ ಎಂಬ ಭೇದವಿಲ್ಲದ್ದರಿಂದ ಅದಲುಬದಲು ಮಾಡಿ ತೊಡಬಹುದು, ಸವೆತವೂ ಎರಡಕ್ಕೂ ಹಂಚಿಹೋಗುತ್ತದೆ.

ಮೊಣಕೈಯ ಕಡೆಯಿಂದ ಪ್ರಾರಂಭಿಸಬೇಕು. 8ನೇ ನಂಬರಿನ ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿದು 42 ಕುಣಿಕೆ ಹಾಕಿ, ಆಮೇಲೆ ಒಂದು ಕಡ್ಡಿಯನ್ನು ಎಳೆದುಬಿಡಬೇಕು. ಹೀಗೆ ಮಾಡಿದರೆ ಅಂಚು ಸಡಿಲವಾಗಿ ಬರುತ್ತದೆ. ತೋಳು ದಪ್ಪಗಿರುವವರಿಗೆ 50 ಕುಣಿಕೆ, ಶಾಲೆಗೆ ಹೋಗುವ ಮಕ್ಕಳಿಗೆ 34 ಕುಣಿಕೆ ಹಾಕಬಹುದು. ಒಟ್ಟಿನಲ್ಲಿ ಎಣಿಕೆಯು ನಾಲ್ಕರಿಂದ ಭಾಗಿಸಿದಾಗ ಎರಡು ಉಳಿಯುವಂತಿರಬೇಕು.

ಮೊದಲ ಸಾಲಿನಲ್ಲಿ 2 ಸೀದಾ, 2 ಉಲ್ಟಾ ಎಂದು ಹೆಣೆಯುತ್ತ ಹೋಗಿ 2 ಸೀದಾದಲ್ಲಿ ಮುಗಿಸಬೇಕು. ಎರಡನೆಯ ಸಾಲಿನಲ್ಲಿ 2 ಉಲ್ಟಾ, 2 ಸೀದಾ ಎಂದು ಹೋಗಿ 2 ಉಲ್ಟಾದಲ್ಲಿ ಮುಗಿಸಬೇಕು. ಈ ಎರಡು ಸಾಲುಗಳೇ ಕೊನೆಯವರೆಗೆ. ನಡುವೆ ಲೆಕ್ಕ ತಪ್ಪಿದರೆ ಗಾಬರಿ ಬೇಡ. ಎದುರಿಗಿರುವ ಕುಣಿಕೆ ನುಣುಪಾಗಿ ಕಂಡರೆ ಸೀದಾ, ಗಂಟಿನಂತೆ ಕಂಡರೆ ಉಲ್ಟಾ ಹೆಣೆದರಾಯಿತು. ಹೀಗೆ ಹೆಣೆದ ತುಂಡು ನೇಗಿಲ ಸಾಲಿನಂತೆ ಏಣುಬಿದ್ದು, ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಬಿಡುವಾಗಿಟ್ಟಾಗ ತುಂಡು ಬಹಳ ಕಿರಿದಾಗಿ ಕಾಣುವುದರಿಂದ ಹೊಸಬರು ಅಳತೆ ತಪ್ಪಿತೆಂದು ಬಿಚ್ಚಿಬಿಡುತ್ತಾರೆ. ಕೈಗೆ ಸುತ್ತಿ ನೋಡದೆ ಬಿಚ್ಚಬಾರದು.

ತುಂಡು 16 ಸೆಂ.ಮೀ. ಉದ್ದವಾದ ಮೇಲೆ 10ನೇ ನಂಬರಿನ ಕಡ್ಡಿಗೆ ಬದಲಾಯಿಸಿ, ಅದೇ ರೀತಿ ಇನ್ನೂ 14 ಸೆಂ.ಮೀ. ಹೆಣೆಯಬೇಕು. ಸಣ್ಣ ಕಡ್ಡಿಯಲ್ಲಿ ಕುಣಿಕೆಗಳು ಚಿಕ್ಕವಾಗುವುದರಿಂದ ಮಣಿಕಟ್ಟಿನ ಬಳಿ ಗವಸು ತಾನಾಗಿಯೇ ಕಿರಿದಾಗುತ್ತದೆ. ಕುಣಿಕೆ ಕಡಿಮೆ ಮಾಡುವ ಗೊಡವೆ ಇಲ್ಲ. ಒಟ್ಟು 30 ಸೆಂ.ಮೀ. ಆದಾಗ ಸೀದಾ ಬಂದಲ್ಲಿ ಸೀದಾ, ಉಲ್ಟಾ ಬಂದಲ್ಲಿ ಉಲ್ಟಾ ಹೆಣೆಯುತ್ತಲೇ ಸಡಿಲವಾಗಿ ಮುಗಿಸಬೇಕು. ಇಲ್ಲಿ ಬಿಗಿ ಮಾಡಿದರೆ ಅಂಗೈ ತೂರುವುದಿಲ್ಲ.

ಹೊಲಿಯುವ ಮುನ್ನ ಪಿನ್ನು ಚುಚ್ಚಿ ತೊಟ್ಟು ನೋಡಬೇಕು. ಸಾಮಾನ್ಯವಾಗಿ ಬೆರಳಿನ ಕಡೆಯ ಅಂಚಿನಿಂದ 3 ಸೆಂ.ಮೀ. ಹೊಲಿದು, ಹೆಬ್ಬೆರಳಿಗೆ 5 ಸೆಂ.ಮೀ. ಸಂದು ಬಿಟ್ಟು, ಉಳಿದುದನ್ನು ಮೊಣಕೈಯವರೆಗೆ ಹೊಲಿಯಬೇಕು. ಎರಡೂ ಅಂಚಿನಿಂದ ಒಂದೊಂದು ಕುಣಿಕೆಯನ್ನು ಒಳಗೆ ತೆಗೆದುಕೊಂಡರೆ ಏಣುಗಳು ಕೂಡಿ ಹೊಲಿಗೆ ಕಾಣುವುದಿಲ್ಲ. ಸಂದಿನ ಎರಡೂ ತುದಿಗಳಲ್ಲಿ ನಾಲ್ಕಾರು ಸಲ ಸೂಜಿ ಹಾಯಿಸಿ ಭದ್ರಪಡಿಸಬೇಕು. ಗವಸು ಮೊದಲು ಹರಿಯುವುದು ಅಲ್ಲಿಯೇ.

ತೊಟ್ಟಾಗ ಮೇಲಿನ ಅಂಚಿನೊಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ತೆಗೆದ ಮೇಲೆ ಚರ್ಮದ ಮೇಲೆ ಅಂಚಿನ ಗುರುತು ಆಳವಾಗಿ ಉಳಿದರೆ ಗವಸು ರಕ್ತವನ್ನು ತಡೆಯುತ್ತಿದೆ ಎಂದರ್ಥ. ಅಂಥದನ್ನು ತೊಟ್ಟರೆ ಕೈ ಬೆಚ್ಚಗಾಗುವ ಬದಲು ತಣ್ಣಗಾಗುತ್ತದೆ. ಹೆಣೆಯಲು ಬಾರದವರು ಹಳೆಯ ಸ್ವೆಟರಿನ ತೋಳನ್ನು ಕತ್ತರಿಸಿ, ಅಂಚು ಮಡಿಸಿ ಹೊಲಿದು, ಹೆಬ್ಬೆರಳಿಗೆ ಒಂದು ತೂತು ಬಿಟ್ಟುಕೊಂಡರೂ ಆದೀತು. ಚೆಂದ ಸ್ವಲ್ಪ ಕಡಿಮೆ, ಕೆಲಸಕ್ಕೆ ಕೊರತೆಯಿಲ್ಲ.

ಎಲ್ಲಿ ತೊಡಬಾರದು

ಮೇವು ಕತ್ತರಿಸುವ ಯಂತ್ರ, ಒಕ್ಕಣೆ ಯಂತ್ರ, ಕಬ್ಬಿನ ಗಾಣ, ಪಂಪಿನ ಬೆಲ್ಟು, ಟ್ರ್ಯಾಕ್ಟರಿನ ತಿರುಗುವ ದಂಡ, ಇವುಗಳ ಬಳಿ ಈ ಗವಸು ತೊಟ್ಟು ಹೋಗಲೇಬಾರದು. ಹೆಣೆದ ದಾರದ ಒಂದು ಎಳೆ ಹಲ್ಲಿಗೆ ಸಿಕ್ಕಿದರೂ ಅದು ತುಂಡಾಗದೆ ಕೈಯನ್ನು ಒಳಗೆಳೆಯುತ್ತದೆ. ಬಿಡಿಸಿಕೊಳ್ಳಲು ಕಣ್ಣು ಮಿಟುಕಿಸುವಷ್ಟು ಸಮಯವೂ ಸಿಗುವುದಿಲ್ಲ. ಕಬ್ಬು ಅರೆಯುವ ಕಾಲ, ರಾಗಿ ಒಕ್ಕುವ ಕಾಲ, ಚಳಿಯ ಕಾಲ ಮೂರೂ ಒಂದೇ ಆದ್ದರಿಂದ ಈ ಮಾತನ್ನು ಮನೆಮಂದಿಗೂ ಕೂಲಿಯವರಿಗೂ ಬಿಡಿಸಿ ಹೇಳಬೇಕು. ಯಂತ್ರದ ಹತ್ತಿರ ಒಂದು ಮೊಳೆ ಹೊಡೆದು, ಗವಸು ಕಳಚಿ ತೂಗುಹಾಕಿದ ಮೇಲೆಯೇ ಯಂತ್ರ ಚಾಲೂ ಮಾಡುವ ಅಭ್ಯಾಸ ಇಟ್ಟುಕೊಳ್ಳಬಹುದು.

ಔಷಧಿ ಸಿಂಪಡಿಸುವಾಗಲೂ ತೊಡಬಾರದು. ಉಣ್ಣೆ ವಿಷವನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಆ ಕೆಲಸಕ್ಕೆ ರಬ್ಬರಿನ ಕೈಗವಸೇ ಬೇಕು. ಹಾಲು ಕರೆಯುವವರು ಕೊಟ್ಟಿಗೆ ಸೇರುವವರೆಗೆ ತೊಟ್ಟಿದ್ದು, ಅಲ್ಲಿ ಅದನ್ನು ಮೊಣಕೈಯತ್ತ ಸರಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಕೈ ಮತ್ತು ಕೆಚ್ಚಲು ತೊಳೆದು ಒರೆಸಿ ಕರೆಯಬೇಕು. ಗವಸಿನ ಅಂಚು ಹಾಲಿನ ಪಾತ್ರೆಗೆ ತಾಗಬಾರದು. ಉತ್ತರ ಕರ್ನಾಟಕದಲ್ಲಿ ಕಡಲೆ ಗಿಡವನ್ನು ಇಬ್ಬನಿ ಇರುವಾಗಲೇ ಕೀಳುವವರು ಗವಸಿನ ಮೇಲೆ ಹಳೆಯ ಅಂಗಿಯ ತೋಳನ್ನು ತೊಡುವುದು ಒಳ್ಳೆಯದು. ಗಿಡದ ಹುಳಿ ನೀರು ಉಣ್ಣೆಯಲ್ಲಿ ಇಳಿದರೆ ಮಣಿಕಟ್ಟು ಉರಿಯುತ್ತದೆ. ಗವಸು ಪೂರ್ತಿ ಒದ್ದೆಯಾದರೆ ಕಳಚಿ, ಒಣಗಿದ ಇನ್ನೊಂದು ಜೊತೆ ತೊಡಬೇಕು.

ವಯಸ್ಸಾದವರ ಮತ್ತು ರೋಗಿಗಳ ವಿಷಯ

ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇರುವವರಿಗೆ ಮತ್ತು ಕುಷ್ಠರೋಗದಿಂದ ನರ ಕೆಟ್ಟವರಿಗೆ ಕೈಯ ಸ್ಪರ್ಶ ಕಡಿಮೆಯಾಗಿರಬಹುದು. ಇಂಥವರು ಚಳಿಗೆ ಕೆಂಡದ ಮುಂದೆ ಕೈಯೊಡ್ಡಿ ಕುಳಿತರೆ ಸುಟ್ಟುದು ತಿಳಿಯುವುದೇ ಇಲ್ಲ. ಬೊಬ್ಬೆ ಎದ್ದು, ಅದು ಹುಣ್ಣಾಗಿ ಬೆರಳು ಕಳೆದುಕೊಂಡವರಿದ್ದಾರೆ. ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದರೆ ಮೊದಲ ಜೊತೆಯನ್ನು ಅವರಿಗಾಗಿಯೇ ಹೆಣೆಯಬೇಕು. ಬೆಂಕಿಯ ಕಡೆಗೆ ಅವರು ಕೈ ಚಾಚುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಚಳಿಯಲ್ಲಿ ಬೆರಳುಗಳು ಬಿಳಿಚಿ, ಆಮೇಲೆ ನೀಲಿಯಾಗಿ ನೋಯುವುದು ಪದೇ ಪದೇ ಆದರೆ ಗವಸಷ್ಟೇ ಸಾಲದು, ವೈದ್ಯರಿಗೆ ತೋರಿಸಬೇಕು.

ಒಗೆಯುವುದು, ಇಡುವುದು

ಉಣ್ಣೆಯ ಗವಸನ್ನು ಕುದಿನೀರಿಗೆ ಹಾಕಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಮಗುವಿನ ಕೈಯಷ್ಟಾಗುತ್ತದೆ. ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರಿನಲ್ಲಿ ಅಂಟುವಾಳದ ನೊರೆ ಮಾಡಿ ಅದ್ದಿ ತೆಗೆಯಬೇಕು. ಉಜ್ಜಬಾರದು, ಹಿಂಡಬಾರದು. ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ನೆರಳಿನಲ್ಲಿ ಹರಡಬೇಕು. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋತುಬೀಳುತ್ತದೆ. ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಒಗೆದು, ಚೆನ್ನಾಗಿ ಒಣಗಿಸಿ, ಒಂದೆರಡು ಗಂಟೆ ಬಿಸಿಲು ಕಾಣಿಸಿ, ಒಣಗಿದ ಬೇವಿನ ಸೊಪ್ಪಿನೊಡನೆ ಬಟ್ಟೆಯಲ್ಲಿ ಕಟ್ಟಿಡಬೇಕು. ಬೆವರು, ಹಾಲಿನ ಕಲೆ ಉಳಿದ ಉಣ್ಣೆಗೇ ನುಸಿ ಮೊದಲು ಬೀಳುತ್ತದೆ. ಉಳಿದ ದಾರವನ್ನು ಅದೇ ಗಂಟಿನಲ್ಲಿಟ್ಟರೆ ಮುಂದಿನ ಮಾಗಿಗೆ ಹೆಬ್ಬೆರಳಿನ ಸಂದು ಹರಿದಾಗ ತೇಪೆಗೆ ಅದೇ ಬಣ್ಣ ಸಿಗುತ್ತದೆ.