ಹೊಲದ ಮಣ್ಣನ್ನು ಗಾಳಿಯು ಎಬ್ಬಿಸುವ ಬಗೆ

ಮಳೆಯ ನೀರಿನಿಂದ ಹೊಲದ ಮಣ್ಣು ಕೊಚ್ಚಿಹೋಗುವುದೆಂಬ ಸಂಗತಿಯು ಗ್ರಾಮಮುಖ್ಯಸ್ಥರಿಗೂ ಜಮೀನುದಾರರಿಗೂ ಚೆನ್ನಾಗಿ ವೇದ್ಯವಾಗಿರುವುದು. ಆದರೆ ಆಷಾಢಮಾಸದ ಗಾಳಿಯು ಅದೇ ಮಣ್ಣನ್ನು ಒಣಗಿದ ಸ್ಥಿತಿಯಲ್ಲಿಯೇ ಹೊತ್ತುಕೊಂಡು ಹೋಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ವಿರಳ. ಚಿತ್ರದುರ್ಗ, ಬಳ್ಳಾರಿ ಮೊದಲಾದ ಮಳೆ ಕಡಿಮೆಯಾದ ಸೀಮೆಗಳ ಮರಳುಮಿಶ್ರಿತ ಹೊಲಗಳಲ್ಲಿ ಈ ನಷ್ಟವು ಉಪೇಕ್ಷಿಸತಕ್ಕದ್ದಲ್ಲ.

ಗಾಳಿ ಬೀಸಿದರೆ ಧೂಳು ತಾನಾಗಿ ಏಳುವುದೆಂದು ಸಾಮಾನ್ಯವಾದ ನಂಬಿಕೆ. ವಿಷಯವು ಅಷ್ಟು ಸುಲಭವಲ್ಲ. ಬಂಡಿಯ ಜಾಡಿನಲ್ಲಿ ಹಿಟ್ಟಿನಂತಿರುವ ಧೂಳು ಸಾಕಷ್ಟು ಗಾಳಿಯಿದ್ದರೂ ಮಲಗಿಯೇ ಇರುವುದುಂಟು. ಸಂಜೆ ಎಲೆ ಅಲುಗದಿರುವಾಗಲೂ ದನಗಳ ಗೊರಸು ತಗುಲಿದೊಡನೆ ಅದು ಮುಗಿಲಿನಂತೆ ಏಳುವುದು. ಗೋಧೂಳಿಯೆಂಬ ಹೆಸರೇ ಇದರಿಂದ ಬಂದುದಷ್ಟೆ. ಲಿಬಿಯಾದ ಮರಳುಗಾಡಿನಲ್ಲಿ ಸಂಚರಿಸಿದ ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಆಂಗ್ಲ ಸೇನಾಧಿಕಾರಿಯು ದೊಡ್ಡ ಕೊಳವೆಯೊಂದರಲ್ಲಿ ಗಾಳಿಯನ್ನು ಹಾಯಿಸಿ ಪರೀಕ್ಷೆಗಳನ್ನು ನಡೆಸಿ, ೧೯೪೧ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ನಯವಾಗಿ ಹರಡಿದ ಸಿಮೆಂಟಿನ ಪುಡಿಯು, ಸಣ್ಣ ಕಲ್ಲುಹರಳುಗಳನ್ನು ಕದಲಿಸಬಲ್ಲ ಗಾಳಿಗೂ ಜಗ್ಗಲಿಲ್ಲವೆಂದು ಆತನು ಕಂಡನು.

ಇದರ ಕಾರಣವನ್ನು ವಿಚಾರಿಸೋಣ. ಕಾಲುವೆಯ ನೀರು ದಡದಲ್ಲಿ ಮಂದವಾಗಿ ಹರಿಯುವಂತೆ ಗಾಳಿಯೂ ನೆಲವನ್ನು ಮುಟ್ಟುವೆಡೆಯಲ್ಲಿ ಬಹು ಮಂದವಾಗಿರುವುದು. ಧೂಳಿನ ಕಣಗಳು ಈ ತೆಳುಪದರದೊಳಗೆ ಅಡಗಿ, ಒಂದಕ್ಕೊಂದು ಅಂಟಿಕೊಂಡಿರುವುವು. ದಪ್ಪ ಹರಳುಗಳು ಭಾರದಿಂದ ಕದಲವು. ಇವೆರಡರ ನಡುವೆ, ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಗಾತ್ರದ ಸಣ್ಣ ಮರಳೇ ಎಲ್ಲಕ್ಕಿಂತ ಮೊದಲು ಏಳುವುದು. ಗಾಳಿಯಾದರೋ ಸಮನಾದ ಪ್ರವಾಹವಲ್ಲ, ಸುಳಿಸುಳಿಯಾಗಿ ಬೀಸುವಂಥಾದ್ದು. ಬಿರುಸಾದ ಸುಳಿಯೊಂದು ನೆಲಕ್ಕೆ ಬಡಿದ ಕ್ಷಣದಲ್ಲಿ ಮರಳಿನ ಕಣವು ಚಿಮ್ಮಿ, ಹೆಚ್ಚಾಗಿ ಒಂದು ಅಡಿಯೊಳಗೇ ಹಾರಿ, ಗಾಳಿಯ ವೇಗವನ್ನು ಪಡೆದು, ಓರೆಯಾಗಿ ನೆಲಕ್ಕೆ ಅಪ್ಪಳಿಸುವುದು. ಆ ಪೆಟ್ಟಿಗೆ ಬೇರೆ ಕಣಗಳು ಜಿಗಿಯುವುವು. ಅಡಗಿದ್ದ ಧೂಳೂ ಮೇಲೆದ್ದು ಸುಳಿಗಳ ಕೈಗೆ ಸಿಕ್ಕುವುದು. ಹೊಲದ ಧೂಳಿಗೆ ಈ ಮರಳೇ ದನದ ಗೊರಸು.

ಕಣದಲ್ಲಿ ರಾಶಿ ತೂರುವಾಗ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹೋಗುವುದು. ಗಾಳಿಯು ಹೊಲವನ್ನೇ ತೂರುವಾಗ ದೂರ ಹೋಗುವುದು ಜೇಡಿಯೂ ಕೊಳೆತ ಸೊಪ್ಪಿನ ಸಾರವೂ ಸೇರಿದ ನುಣುಪಾದ ಭಾಗ. ಒಡೆಯನಿಗೆ ಉಳಿಯುವುದು ಮರಳು. ಅಮೆರಿಕಾ ದೇಶದಲ್ಲಿ ಹುಲ್ಲುಗಾವಲುಗಳನ್ನು ಗೋಧಿಗಾಗಿ ಉತ್ತು, ಅನಾವೃಷ್ಟಿ ಬಂದಾಗ, ೧೯೩೪ನೆಯ ಮೇ ತಿಂಗಳಲ್ಲಿ ಆ ಬಯಲಿನ ಮಣ್ಣು ನೂರಾರು ಹರದಾರಿ ದೂರದ ನ್ಯೂಯಾರ್ಕಿನ ಮೇಲೆ ಉದುರಿತು. ಸಾರವು ಹೋದಮೇಲೆ ಮರಳು ಮಾಡುವ ಹಾವಳಿಯೂ ಸಾಮಾನ್ಯವಾದುದಲ್ಲ. ತಲಕಾಡಿನಲ್ಲಿ ಮರಳುದಿಣ್ಣೆಗಳು ಮುಖ್ಯವಾಗಿ ನೈರುತ್ಯ ಮಾರುತದ ಕಾಲದಲ್ಲಿ ವರ್ಷಕ್ಕೆ ೯–೧೦ ಅಡಿಯಂತೆ ಊರಿನ ಮೇಲೆ ಸರಿದು ಬರುತ್ತಿದ್ದು, ನಿವಾಸಿಗಳು ಮನೆಗಳನ್ನು ತೊರೆಯಬೇಕಾಗುತ್ತಿತ್ತೆಂದು ಮೈಸೂರಿನ ಹಳೆಯ ಗ್ಯಾಸೆಟಿಯರಿನಲ್ಲಿ ಬರೆದಿದೆ.

ಮರಳು ಜಿಗಿಯುತ್ತ ಮುಂದುವರಿದಷ್ಟೂ ಒಂದು ಕಣವು ಹಲವನ್ನು ಎಬ್ಬಿಸುವುದರಿಂದ, ಗಾಳಿಯು ಬರುವ ದಿಕ್ಕಿನ ಒಂದೇ ಹೊಲವು ಪುಡಿಯಾಗಿ ಬಯಲಾಗಿದ್ದರೆ ಅದರ ಕೆಳಗಿನ ಹೊಲಗಳೆಲ್ಲ ಕೆಡುವುವು. ಗಾಳಿಯ ವೇಗವು ಇಮ್ಮಡಿಸಿದರೆ ಅದು ಹೊರಬಲ್ಲ ಮರಳು ಸುಮಾರು ಎಂಟುಮಡಿಯಾಗುವುದು. ಆದಕಾರಣ ಇದು ಒಬ್ಬ ರೈತನ ಕೆಲಸವಲ್ಲ. ಮುಖ್ಯಸ್ಥರು ಪಡುವಣ ಅಂಚಿನ ಹೊಲದವರನ್ನು ಮೊದಲು ಕರೆದು ಮಾತನಾಡಬೇಕು.

ಬಿತ್ತನೆಗೆ ಮುಂಚೆ ಹೊಲವನ್ನು ಹಿಟ್ಟಿನಂತೆ ಹದಮಾಡುವ ಹೆಮ್ಮೆಯನ್ನು ನಮ್ಮವರು ಇಂಥ ಭೂಮಿಯಲ್ಲಿ ಬಿಡುವುದು ಲೇಸು. ಹೆಂಟೆಗಳಿರಲಿ, ಅವುಗಳ ಮರೆಯಲ್ಲಿ ಮರಳು ಸಿಕ್ಕಿಬೀಳುವುದು. ಜೋಳದ ಕೂಳೆಯನ್ನು ಕೀಳದೆ ಬಿಟ್ಟರೆ ಮತ್ತೂ ಉತ್ತಮ. ಕಡಲೆಕಾಯಿಯನ್ನು ಗಿಡಸಮೇತ ಕಿತ್ತಮೇಲೆ ನೆಲವು ಬರಿದಾಗುವುದರಿಂದ, ಅದರ ನಡುವೆ ತೊಗರಿಯ ಅಕ್ಕಡಿ ಸಾಲುಗಳನ್ನು ತೆಂಕಣಬಡಗಣವಾಗಿ, ಎಂದರೆ ಗಾಳಿಗೆ ಅಡ್ಡಲಾಗಿ, ಹಾಕಿ, ಕೊಯ್ಲಿನಲ್ಲಿ ಕಡ್ಡಿಯನ್ನು ಮೊಣಕಾಲೆತ್ತರಕ್ಕೆ ನಿಲ್ಲಿಸಬೇಕು.

ಅಂಚಿನಲ್ಲಿ ಹೊಂಗೆ, ಸರ್ವೆ ಮುಂತಾದ ಮರಗಳ ಸಾಲನ್ನು ಬೆಳೆಸಿದರೆ, ಮರದ ಎತ್ತರದ ಹತ್ತರಷ್ಟು ದೂರದವರೆಗೆ ಗಾಳಿಯು ಚೆನ್ನಾಗಿ ತಗ್ಗುವುದು. ಗೋಡೆಯು ಇದಕ್ಕಿಂತ ಮೇಲಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ. ಸಂದಿಲ್ಲದ ತಡೆಯನ್ನು ಗಾಳಿಯು ಹತ್ತಿಳಿದು ಹಿಂದುಗಡೆ ದೊಡ್ಡ ಸುಳಿಗಳನ್ನೆಬ್ಬಿಸುವುದು. ಹೆಚ್ಚುಕಡಿಮೆ ಅರ್ಧ ಗಾಳಿಯನ್ನು ಸೋಸಿ ಬಿಡುವ ಸಾಲೇ ಒಳ್ಳೆಯದು. ಆದರೆ ಸಾಲಿನ ನಡುವೆ ಸಸಿ ಸತ್ತು ಬಾಗಿಲಿನಂಥ ತೆರಪು ಬಿದ್ದರೆ ಅಲ್ಲಿ ಗಾಳಿಯು ಬಿರುಸಾಗಿ ನುಗ್ಗುವುದು. ಹೊಸ ಸಸಿಯು ಬೆಳೆಯುವವರೆಗೆ ಅಲ್ಲಿಗೆ ಜೋಳದ ದಂಟಿನ ತಡಿಕೆಯನ್ನು ಕಟ್ಟಿಸಿರಬೇಕು.